ಒಳಗಾಯದ ಓದು: ನಾಯಿಯ ಮಿದುಳಿನ ರಕ್ತಸ್ರಾವ ಮತ್ತು ಜನಪದ ಪಶುವೈದ್ಯ

ಜನಪದ ಪಶುವೈದ್ಯವನ್ನು ಕುರಿತ ಅಧ್ಯಯನಗಳಲ್ಲಿ ದನ, ಎಮ್ಮೆ, ಕುರಿಗಳಿಗೆ ದೊರೆತಷ್ಟು ಗಮನ ನಾಯಿಗೆ ದೊರೆತದ್ದು ವಿರಳ. ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯಂತಹ ಬಯಲುಸೀಮೆಯಲ್ಲಿ ಕುರಿಮಂದೆಯ ಕಾವಲು ನಾಯಿಯನ್ನು ಬಿಟ್ಟಿಲ್ಲವೆಂಬುದನ್ನು ನೆನೆದರೆ ಈ ಕೊರತೆ ಎದ್ದು ಕಾಣುತ್ತದೆ. ನಾಯಿಯ ಸಾವನ್ನು ಕನ್ನಡ ನಾಡು ಮರೆತಿರಲಿಲ್ಲ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪಿಗೆ 10ನೆಯ ಶತಮಾನದ ಆತಕೂರಿನ ಶಾಸನವೇ ಸಾಕ್ಷಿಯಾಗಿದೆ. ಆದರೆ ಕಲ್ಲಿನಲ್ಲಿ ಉಳಿದದ್ದು ಶೌರ್ಯ. ಕಣ್ಣಿಗೆ ಕಾಣದ ಗಾಯಕ್ಕೆ ಅಲ್ಲಿ ಎಡೆಯಿಲ್ಲ.

ಆ ಕಾಣದ ಗಾಯವನ್ನು ಇಂದು ಎಂ.ಆರ್.ಐ. ಓದುತ್ತದೆ. ಆಮ್ಲಜನಕವನ್ನು ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಕೆ ಸೆಳೆಯಲ್ಪಡುತ್ತದೆ ಎಂಬುದನ್ನು ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲಿಯೇ ತೋರಿಸಿದ್ದರು. ರಕ್ತ ಸೋರಿದೆಡೆ ಕಾಂತಕ್ಷೇತ್ರ ಕದಡುವುದರಿಂದ ಟಿ2-ಸ್ಟಾರ್ ಗ್ರೇಡಿಯೆಂಟ್ ಎಕೋ ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಸಸೆಪ್ಟಿಬಿಲಿಟಿ ಚಿತ್ರಣವು ಇನ್ನೂ ಸಣ್ಣ ಕಲೆಗಳನ್ನು ಹಿಡಿಯಬಲ್ಲುದು. ಕೆಲವು ದಿನಗಳ ಬಳಿಕ ಅದೇ ರಕ್ತ ಟಿ1 ಚಿತ್ರದಲ್ಲಿ ಬೆಳ್ಳಗಾಗುತ್ತದೆ. ಕೊನೆಗೆ ಉಳಿಯುವ ಕಬ್ಬಿಣದ ಶೇಷ ದೀರ್ಘಕಾಲ ಕಪ್ಪು ಗುರುತಾಗಿ ನಿಲ್ಲುತ್ತದೆ. ಆದರೆ ಕಪ್ಪಾಗಿ ಕಂಡುದೆಲ್ಲವೂ ರಕ್ತವಲ್ಲ. ಸುಣ್ಣಾಂಶ, ಗಾಳಿ, ಲೋಹದ ಚೂರು ಕೂಡ ಅದೇ ಗುರುತನ್ನು ಮೂಡಿಸುತ್ತವೆ. ಆದ್ದರಿಂದ ಪರಿಣತನು ಹಲವು ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನಿರ್ಣಯಕ್ಕೆ ಬರುತ್ತಾನೆ.

ಜನಪದ ವೈದ್ಯದ ಸಂಗ್ರಹಕಾರರು ಕಲಿಯಬೇಕಾದದ್ದು ಈ ಎಚ್ಚರವನ್ನೇ. ತಲೆ ಒಂದು ಕಡೆಗೆ ವಾಲುವುದು, ಸುತ್ತು ತಿರುಗುವುದು, ಸೆಳವು ಇವು ರೋಗವಲ್ಲ, ಗುರುತುಗಳು. ತಲೆಗೆ ಬಿದ್ದ ಪೆಟ್ಟು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿವಿಷ, ಉಣ್ಣೆಹುಳುವಿನಿಂದ ಹರಡುವ ರೋಗ ಇವುಗಳಿಂದ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಅದೇ ಲಕ್ಷಣಗಳು ರೇಬಿಸ್‌ನಲ್ಲಿಯೂ ತೋರಬಹುದು. 'ಹುಚ್ಚು' ಎಂಬ ಒಂದೇ ಮಾತಿನಲ್ಲಿ ಇವೆಲ್ಲವೂ ಸೇರಿಹೋದರೆ ಬದುಕಬಹುದಾಗಿದ್ದ ನಾಯಿ ಸಾಯುತ್ತದೆ. ಗಿಡಮೂಲಿಕೆಯನ್ನೋ ಬರೆಯನ್ನೋ ನಂಬಿ ಕುಳಿತರೆ ಕಚ್ಚಿಸಿಕೊಂಡ ಮನುಷ್ಯನೂ ಸಾಯುತ್ತಾನೆ. ರೇಬಿಸ್ ಇಲ್ಲವೆಂದು ಎಂ.ಆರ್.ಐ. ಖಚಿತಪಡಿಸಲಾರದು, ಸತ್ತ ಪ್ರಾಣಿಯ ಮಿದುಳಿನ ಪರೀಕ್ಷೆಯೇ ಅದಕ್ಕೆ ಆಧಾರ. ಕಚ್ಚಿಸಿಕೊಂಡವರು ಒಡನೆಯೇ ಗಾಯವನ್ನು ಸೋಪು ನೀರಿನಿಂದ ತೊಳೆದು ಲಸಿಕೆ ಪಡೆಯಲೇಬೇಕು.

ಹಾಗೆಂದು ಜನಪದರ ನೋಟವನ್ನು ತಳ್ಳಿಹಾಕುವಂತಿಲ್ಲ. ಯಂತ್ರವಿರುವುದು ದೂರದ ನಗರದಲ್ಲಿ, ನಾಯಿಗೆ ಅರಿವಳಿಕೆ ಕೊಡದೆ ಚಿತ್ರ ತೆಗೆಯುವುದು ಕಷ್ಟ, ವೆಚ್ಚವೂ ಅಧಿಕ. ನಾಯಿ ಎಂದು ಮುಗ್ಗರಿಸಿತು, ಏನು ತಿಂದಿತ್ತು, ಎಲ್ಲಿ ಪೆಟ್ಟು ತಿಂದಿತು ಎಂಬುದನ್ನು ಬಲ್ಲವನು ಕುರಿಗಾಹಿಯೇ. ಪಶುವೈದ್ಯನಿಗೆ ಮೊದಲು ಬೇಕಾದ ಮಾಹಿತಿಯೂ ಅದೇ.

ಜನಪದ ವೈದ್ಯವೆಲ್ಲ ವಿಜ್ಞಾನವೇ ಎಂಬ ಹೊಗಳಿಕೆಯಾಗಲಿ, ಎಲ್ಲವೂ ಮೌಢ್ಯ ಎಂಬ ತೆಗಳಿಕೆಯಾಗಲಿ ಅಧ್ಯಯನವೆನಿಸದು. ಮದ್ದಿನ ಹೆಸರುಗಳ ಪಟ್ಟಿಯ ಜೊತೆಗೆ ಲಕ್ಷಣಗಳು ಕಂಡುಬಂದ ಕ್ರಮ, ಕೊಟ್ಟ ಚಿಕಿತ್ಸೆ, ಬದುಕಿದವುಗಳಂತೆಯೇ ಸತ್ತವುಗಳ ವಿವರ ಇವೆಲ್ಲವೂ ಕ್ಷೇತ್ರಕಾರ್ಯದಲ್ಲಿ ದಾಖಲಾಗಬೇಕು. ಆಗ ಮಾತ್ರ ಹಟ್ಟಿಯ ಅನುಭವವನ್ನೂ ಆಸ್ಪತ್ರೆಯ ಚಿತ್ರವನ್ನೂ ಒಂದನ್ನೊಂದು ಒರೆಗೆ ಹಚ್ಚಿ ನೋಡಲು ಸಾಧ್ಯ.