ಹೊತ್ತು ನೋಡಿ ತುತ್ತು: ದಂಡಿನ ಊಟದ ರಸಿಕರಿಗೊಂದು ಕೈಪಿಡಿ

ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ಊಟದ ರುಚಿ ನೋಡಲು ಹೊರಟ ಹೊಸಬರು 'ಯಾವ ಹೋಟೆಲಿಗೆ ಹೋಗಬೇಕು' ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು 'ಎಷ್ಟು ಹೊತ್ತಿಗೆ ಹೋಗಬೇಕು' ಎಂದು. ಶಿವಾಜಿನಗರದಿಂದ ಹಲಸೂರಿನವರೆಗೆ ಇಲ್ಲಿನ ಒಂದೊಂದು ತಿನಿಸಿಗೂ ಅದರದೇ ಗಳಿಗೆಯಿದೆ. ಅದು ಮೀರಿದರೆ ಹೆಸರಾಂತ ಅಂಗಡಿಯಲ್ಲೂ ಸಿಗುವುದು ಅದರ ಉಳಿಕೆ ಮಾತ್ರ. ಇದಕ್ಕೆ ಕಾರಣ ಈ ಭಾಗ ಬೆಳೆದ ಬಗೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಹೂಡಿದ ಮೇಲೆ ಕಾಲಕ್ರಮದಲ್ಲಿ ತಮಿಳರು, ದಖನಿ ಮಾತಿನ ಮುಸ್ಲಿಮರು, ಕಚ್ಛೀ ಮೆಮನ್ ವ್ಯಾಪಾರಿಗಳು ಬಂದು ನೆಲೆಸಿದರು. ಅವರ ಊಟದ ಹೊತ್ತನ್ನು ಗೊತ್ತುಮಾಡಿದ್ದು ದುಡಿಮೆ ಮತ್ತು ನಮಾಜು. 1927ರ ರಸೆಲ್ ಮಾರ್ಕೆಟ್ಟಿನಂಥ ಕಡೆ ನಸುಕಿನಲ್ಲೇ ಸರಕು ಇಳಿಸುವವರಿಗೆ ಎಂಟು ಗಂಟೆಯ ತಿಂಡಿ ತೀರಾ ತಡ.

ಹೊತ್ತು ಬರೀ ರೂಢಿಯಲ್ಲ, ಅಡುಗೆಯ ಒಳಗೇ ಇದೆ. ಬೆಳಗಿನ ಪಾಯವನ್ನೇ ನೋಡಿ. ಕುರಿಯ ಕಾಲುಗಳು ಸಣ್ಣ ಉರಿಯಲ್ಲಿ ರಾತ್ರಿಯೆಲ್ಲ ಬೆಂದಾಗ ಮೂಳೆಯ ಸುತ್ತಲ ಅಂಟು ಕರಗಿ ಸಾರಿಗೆ ಇಳಿಯುತ್ತದೆ. ಬೆರಳಿಗೂ ತುಟಿಗೂ ಅಂಟಿದರೆ ಅದು ನಿಧಾನವಾಗಿ ಬೆಂದದ್ದು. ಮಂದವಾಗಿದ್ದೂ ಅಂಟದಿದ್ದರೆ ಹಿಟ್ಟು ಕದಡಿರಬೇಕೆಂದು ಅನುಮಾನಿಸಬಹುದು. ಬಿರಿಯಾನಿಯ ಹೊತ್ತು ಮಧ್ಯಾಹ್ನ. ಆಂಬೂರು, ವಾಣಿಯಂಬಾಡಿ ಕಡೆಯಿಂದ ಬಂದ ಬಗೆಯಲ್ಲಿ ನೆನೆಸಿ ರುಬ್ಬಿದ ಒಣಮೆಣಸಿನಕಾಯಿ, ಜೀರಾ ಸಾಂಬ ಅಕ್ಕಿ, ಜೊತೆಗೆ ಬದನೆಕಾಯಿ ಗೊಜ್ಜು. ಹಳೆಯ ಊರಾದ ಪೇಟೆ ಕಡೆಯ ದೊನ್ನೆ ಬಿರಿಯಾನಿ ಪುದೀನ-ಕೊತ್ತಂಬರಿಯಿಂದ ಹಸಿರಾದರೆ, ಇದು ಮೆಣಸಿನಕಾಯಿಯ ಕೆಂಪು. ಮುಚ್ಚಳದ ಮೇಲೆ ಕೆಂಡ ಹರಡಿ ದಮ್ ಕಟ್ಟಿದ ದೇಗ್ (ದೊಡ್ಡ ಹಂಡೆ) ತೆರೆದ ಕ್ಷಣದಿಂದಲೇ ಹಬೆ ಹೋಗತೊಡಗುತ್ತದೆ. ಎಣ್ಣೆ ತಳಕ್ಕಿಳಿದು ಮೇಲಿನ ಅನ್ನ ಒಣಗುತ್ತದೆ. ಹೊಸಬರಿಗೊಂದು ಪರೀಕ್ಷೆ: ಮಾಂಸ ಬೇಡ, ಒಂದು ಪ್ಲೇಟ್ ಕುಷ್ಕಾ ಕೇಳಿ. ತುಂಡಿನ ಆಸರೆಯಿಲ್ಲದೆ ಬರೀ ಅನ್ನವೇ ತಿನ್ನಿಸಿಕೊಂಡರೆ ಅಡುಗೆಯವನ ಕೈ ಗಟ್ಟಿ. ಅಗುಳು ಬಿಡಿಬಿಡಿಯಾಗಿದ್ದು, ಕೆಲವು ಕೆಂಪು ಕೆಲವು ಬಿಳಿಚಾಗಿದ್ದರೆ ದಮ್ ಸರಿಯಾಗಿದೆ.

ಸಂಜೆಗೆ ಫ್ರೇಜರ್ ಟೌನಿನ ಮಸೀದಿ ರಸ್ತೆ ಮೇಲಾಗುತ್ತದೆ. 1902ರಿಂದ ನಡೆದುಬಂದಿರುವ ಆಲ್ಬರ್ಟ್ ಬೇಕರಿ ಬಾಗಿಲು ತೆರೆಯುವುದೇ ಮಧ್ಯಾಹ್ನ ಕಳೆದ ಮೇಲೆ. ಅದರ ಪಫ್‌ಗಳು ಚಹಾದ ಹೊತ್ತಿನವು. ಕತ್ತಲಾದ ಮೇಲೆ ಶಿವಾಜಿನಗರದ ಕೆಂಡದೊಲೆಗಳಲ್ಲಿ ಸೀಖ್ ಕಬಾಬಿನ ಕೊಬ್ಬು ತೊಟ್ಟಿಕ್ಕಿ ಎದ್ದ ಹೊಗೆಯೇ ಅರ್ಧ ಮಸಾಲೆ. ರಂಜಾನಿನಲ್ಲಂತೂ ಗಡಿಯಾರವೇ ತಿರುಗುಮುರುಗು: ಗೋಧಿ, ಬೇಳೆ, ಮಾಂಸ ಬೆಂದು, ಗಂಟೆಗಟ್ಟಲೆ ಕಡೆದ ಹಲೀಮು ಇಫ್ತಾರಿನ ಹೊತ್ತಿಗೆ ಹದಕ್ಕೆ ಬರಬೇಕು. ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ ದಾಟಿದರೆ ಇನ್ನೊಂದು ಸಾಕ್ಷಿಯಿದೆ. ಹೊಸಕೋಟೆಯ ದಮ್ ಬಿರಿಯಾನಿಗೆ ಭಾನುವಾರ ಬೆಳಕು ಹರಿಯುವ ಮೊದಲೇ ಜನ ಸಾಲು ನಿಲ್ಲುತ್ತಾರೆ. ಒಂದೇ ತಿನಿಸು, ರಸ್ತೆಯ ಒಂದು ತುದಿಯಲ್ಲಿ ಮಧ್ಯಾಹ್ನದ್ದು, ಇನ್ನೊಂದು ತುದಿಯಲ್ಲಿ ನಸುಕಿನದು. ಹಾಗಾಗಿ ಹೊತ್ತು ತಿನಿಸಿಗೆ ಅಂಟಿಬಂದ ಗುಣವಲ್ಲ. ದೇಗ್ ಯಾವಾಗ ತೆರೆಯುತ್ತದೆ ಎಂಬುದರ ಮೇಲೆ ನಿಂತದ್ದು.

ಇದು ಮಾಂಸದೂಟದವರ ಶಾಸ್ತ್ರ ಎಂದು ಸಸ್ಯಾಹಾರಿಗಳು ದೂರ ಉಳಿಯಬೇಕಿಲ್ಲ. ಹಲಸೂರಿನ ಬೆಳಗಿನ ಇಡ್ಲಿಗೂ ಇದೇ ನಿಯಮ: ರಾತ್ರಿ ಉಬ್ಬಿದ ಹಿಟ್ಟು ಬೆಳಿಗ್ಗೆ ಹದವಾಗಿರುತ್ತದೆ, ಇಟ್ಟಷ್ಟೂ ಹುಳಿಯಾಗುತ್ತದೆ. ಇನ್ನು ಬೀದಿಯ ಊಟ ಶುಚಿಯಲ್ಲ ಎಂಬ ಆಕ್ಷೇಪ. ನೀರು, ಪಾತ್ರೆಗಳ ಬಗ್ಗೆ ಎಚ್ಚರ ಬೇಕು, ನಿಜ. ಆದರೆ ಇಲ್ಲೂ ನೆರವಾಗುವುದು ಹೊತ್ತೇ. ಜನ ಮುತ್ತಿ ಎರಡು ತಾಸಿನಲ್ಲಿ ಬರಿದಾಗುವ ಪಾತ್ರೆ, ದಿನವಿಡೀ ಮತ್ತೆ ಮತ್ತೆ ಬಿಸಿಯಾಗುವ ಪಾತ್ರೆಗಿಂತ ನಂಬಿಕೆಗೆ ಅರ್ಹ. ಮೊಬೈಲಿನಲ್ಲಿ ಒತ್ತಿದರೆ ಎಲ್ಲ ಹೊತ್ತೂ ಎಲ್ಲವೂ ಮನೆಗೇ ಬರುತ್ತದಲ್ಲ ಎನ್ನುವವರೂ ಇದ್ದಾರೆ. ಪಾಯ ಪರವಾಗಿಲ್ಲ, ಮತ್ತೆ ಕುದಿಸಬಹುದು. ಆದರೆ ಮುಚ್ಚಿದ ಡಬ್ಬಿಯಲ್ಲಿ ಬೆವರಿದ ಬಿರಿಯಾನಿ ಮುದ್ದೆಯಾಗುತ್ತದೆ, ಕಬಾಬು ಗಟ್ಟಿಯಾಗುತ್ತದೆ.

ಹೆಚ್ಚು ತೂಕದ ಆಕ್ಷೇಪ ಬೇರೆಯಿದೆ: ಇದೆಲ್ಲ ಹೊರಗಿನಿಂದ ಬಂದದ್ದು, ಇದನ್ನು ಬೆಂಗಳೂರಿನ ಊಟ ಎನ್ನಬಹುದೇ? ಹೊರಗಿನದೆಂದು ತಳ್ಳುವುದಾದರೆ ಮೊದಲು ತಳ್ಳಬೇಕಾದದ್ದು ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿಯನ್ನು. ಅದರ ತವರು ಮೆಕ್ಸಿಕೊದ ಕಡೆ. ಆ ದೇಶದಲ್ಲೇ ಇಂದು ಊರೂರಿನ ಹೆಮ್ಮೆಯಾಗಿರುವ 'ಅಲ್ ಪಾಸ್ತೋರ್' ಟಾಕೊ ಹುಟ್ಟಿದ್ದು ಲೆಬನಾನಿನಿಂದ ವಲಸೆ ಬಂದವರ ಶವರ್ಮದಿಂದ. ಕುರಿಮಾಂಸದ ಜಾಗಕ್ಕೆ ಹಂದಿಮಾಂಸ ಬಂತು, ಸ್ಥಳೀಯ ಮೆಣಸಿನಕಾಯಿ ಸೇರಿತು. ಅಲ್ಲಿನ ಕಡಲ ತೀರದ ಊರುಗಳಲ್ಲೂ ಬಲ್ಲವರು ನಿಂಬೆರಸದಲ್ಲಿ ನೆನೆದ ಹಸಿ ಮೀನಿನ ಸೆವಿಚೆಯನ್ನು ಹಗಲಿನಲ್ಲೇ ತಿನ್ನುತ್ತಾರೆ, ಅಲ್ ಪಾಸ್ತೋರ್ ಹುಡುಕುವುದು ರಾತ್ರಿ. ಹೊರಗಿನಿಂದ ಬಂದ ತಿನಿಸು ಒಂದು ಊರಿನ ದಿನಚರಿಯಲ್ಲಿ ತನ್ನ ಹೊತ್ತನ್ನು ಸಂಪಾದಿಸಿಕೊಂಡ ದಿನ ಅದು ಆ ಊರಿನದಾಗುತ್ತದೆ. ಪೇಟೆ, ದಂಡು ಒಂದೇ ನಗರಪಾಲಿಕೆಯಡಿ ಸೇರಿದ್ದು 1949ರಲ್ಲಿ; ಊಟದ ಲೆಕ್ಕದಲ್ಲಿ ಈ ನೆಲ ದಂಡಿನ ತಿನಿಸುಗಳನ್ನು ಅದಕ್ಕೆ ಎಷ್ಟೋ ಮೊದಲೇ ಒಳಗೆ ಸೇರಿಸಿಕೊಂಡಿತ್ತು.

ಇಂದಿರಾನಗರದ ನೂರಡಿ ರಸ್ತೆಯ ರೆಸ್ಟೋರೆಂಟುಗಳು ಈ ನಿಯಮ ಮೀರಿದಂತೆ ಕಾಣುತ್ತವೆ. ಟಾಕೊ, ಪಾಸ್ತಾ, ಬಿರಿಯಾನಿ ಎಲ್ಲವೂ ಒಂದೇ ಮೆನುವಿನಲ್ಲಿ, ಯಾವಾಗ ಬೇಕಾದರೂ. ಅನುಕೂಲವೇನೋ ಹೌದು, ಆಫೀಸು ಬಿಡುವ ಹೊತ್ತಿಗೆ ದಮ್ ಬಿರಿಯಾನಿಯ ಗಳಿಗೆ ಮುಗಿದಿರುವ ಜನರೇ ಈ ಊರಿನಲ್ಲಿ ಹೆಚ್ಚು. ಅವರಿಗೆ ಹೇಳಬಹುದಾದದ್ದಿಷ್ಟು: ತಿನಿಸನ್ನು ಮೊದಲು ಗೊತ್ತುಮಾಡಿ ಹೊತ್ತು ಹುಡುಕಬೇಡಿ, ಕೈಯಲ್ಲಿರುವ ಹೊತ್ತಿಗೆ ತಕ್ಕ ತಿನಿಸು ಆರಿಸಿ. ರಾತ್ರಿ ಎಂಟಕ್ಕೆ ಬಿಡುವಾದರೆ ಬಿರಿಯಾನಿಯ ಆಸೆ ಬಿಟ್ಟು ಕಬಾಬಿಗೆ ಹೋಗಿ. ಬೆಳಿಗ್ಗೆ ಬೇಗ ಎದ್ದರೆ ಪಾಯ, ಇಲ್ಲವೇ ಇಡ್ಲಿ. ಯಾವ ಅಂಗಡಿ ಎಂಬುದು ಆಮೇಲಿನ ಮಾತು. ಸರಿಯಾದ ಹೊತ್ತಿಗೆ ಹೋದವನಿಗೆ ಅದನ್ನು ನಿಂತ ಜನರೇ ತೋರಿಸುತ್ತಾರೆ.