99 ಸಾವುಗಳ ವರದಿಯನ್ನು ಮತ್ತೆ ಓದುವಾಗ

ಸರ್ಕಾರಿ ವರದಿಗಳನ್ನು ಗ್ರಂಥವೆಂದು ಭಾವಿಸಿ ಓದುವವರು ವಿರಳ. ಆದರೂ ಪ್ರಿಯ ಓದುಗರೇ, ಆಸ್ಟ್ರೇಲಿಯದ ಮೂಲನಿವಾಸಿಗಳ ಬಂಧನಮರಣಗಳನ್ನು ಕುರಿತು ಅಲ್ಲಿನ ರಾಯಲ್ ಕಮಿಷನ್ 1991ರಲ್ಲಿ ಒಪ್ಪಿಸಿದ ಐದು ಸಂಪುಟಗಳ ವರದಿ ನಮ್ಮ ವಿಮರ್ಶೆಗೆ ಅರ್ಹವಾದ ಕೃತಿ. 1980ರಿಂದ 1989ರವರೆಗೆ ಬಂಧನದಲ್ಲಿ ಮಡಿದ 99 ಮಂದಿಯ ಸಾವನ್ನು ಆಯೋಗವು ಒಂದೊಂದಾಗಿ ಪರಿಶೀಲಿಸಿತು.

ವರದಿಯ ಹಿರಿಮೆ ಅದು ಎತ್ತಿದ ಪ್ರಶ್ನೆಯಲ್ಲಿದೆ. ಸೆರೆಯಲ್ಲಿದ್ದ ಮೂಲನಿವಾಸಿಗಳು ಇತರ ಕೈದಿಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತಿರಲಿಲ್ಲ. ಅವರನ್ನು ಸೆರೆಗೆ ತಳ್ಳುತ್ತಿದ್ದ ಪ್ರಮಾಣವೇ ವಿಪರೀತವಾಗಿತ್ತು. ಇದನ್ನು ಕಂಡುಕೊಂಡ ಆಯೋಗ, ಬೀಗ ಹಾಕಿದ ಕೋಣೆಯಿಂದ ಹಿಂದೆ ಸರಿದು, ಅಲ್ಲಿಗೆ ಬರುವ ದಾರಿಯನ್ನು ನೋಡಿತು. ಆ ದಾರಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. 99 ಮಂದಿಯಲ್ಲಿ 43 ಮಂದಿಯನ್ನು ಸರ್ಕಾರ, ಮಿಷನ್ ಅಥವಾ ಇತರ ಸಂಸ್ಥೆಗಳು ಬಾಲ್ಯದಲ್ಲೇ ಹೆತ್ತವರಿಂದ ಅಗಲಿಸಿದ್ದವು. ಪೊರೆಯುತ್ತೇವೆಂದು ಎತ್ತಿಕೊಂಡ ಕೈಗಳೂ ಆ ದಾರಿಗೆ ಕಲ್ಲು ಹಾಸಿದ್ದವು. ಕ್ರೈಸ್ತ ಕುಟುಂಬಗಳಾದ ನಾವು ಈ ಪುಟವನ್ನು ಸುಮ್ಮನೆ ಮಗುಚಲಾಗದು.

ಕೊರತೆಯೂ ಉಂಟು. ಆಯೋಗ 339 ಶಿಫಾರಸುಗಳನ್ನು ಮಾಡಿತು. ಅವನ್ನು ಜಾರಿಗೊಳಿಸುವ ಅಧಿಕಾರ ಅದಕ್ಕಿರಲಿಲ್ಲ. ಸೆರೆವಾಸ ಕಟ್ಟಕಡೆಯ ಉಪಾಯವಾಗಿರಲಿ ಎಂಬ ಮಾತು ಕಾಗದದಲ್ಲಿ ಉಳಿಯಿತು. ಸಾರ್ವಜನಿಕ ಸ್ಥಳದಲ್ಲಿ ಕುಡಿದಿರುವುದನ್ನು ಅಪರಾಧವೆಂದು ಎಣಿಸಬಾರದೆಂಬ ಸಲಹೆಯನ್ನು ವಿಕ್ಟೋರಿಯ ರಾಜ್ಯ ಜಾರಿಗೆ ತಂದದ್ದು 2023ರಲ್ಲಿ. 1991ರಲ್ಲಿ ಕೈದಿಗಳಲ್ಲಿ ಸುಮಾರು ಶೇ. 14ರಷ್ಟಿದ್ದ ಮೂಲನಿವಾಸಿಗಳು ಆ ಹೊತ್ತಿಗೆ ಶೇ. 33ರಷ್ಟಾಗಿದ್ದರು. ದೇಶದ ಜನಸಂಖ್ಯೆಯಲ್ಲಾದರೋ ಅವರ ಪಾಲು ಶೇ. 4ಕ್ಕೂ ಕಡಿಮೆ.

ಹಾಗಾದರೆ ವರದಿ ವ್ಯರ್ಥವೇ? ಮೂಲನಿವಾಸಿಗಳು ತಮ್ಮ ಬದುಕನ್ನು ತಾವೇ ನಿರ್ಧರಿಸಬೇಕೆಂಬ ಅದರ ಒತ್ತಾಯ ಇಂದಿಗೂ ಜೀವಂತ. ನ್ಯೂ ಸೌತ್ ವೇಲ್ಸ್‌ನ ಬರ್ಕ್ ಪಟ್ಟಣದ ಮೂಲನಿವಾಸಿಗಳು ಮುನ್ನಡೆಸಿದ 'ಮರಂಗುಕ' ಯೋಜನೆ ಇದಕ್ಕೆ ಸಾಕ್ಷಿ. ಪರವಾನಗಿಯಿಲ್ಲದೆ ವಾಹನ ನಡೆಸಿ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದ ಯುವಜನರಿಗೆ ಅಲ್ಲಿ ಚಾಲನೆ ಕಲಿಸಿ ಪರವಾನಗಿ ಕೊಡಿಸಲು ನೆರವಾದರು. 2016ಕ್ಕೆ ಹೋಲಿಸಿದರೆ 2017ರಲ್ಲಿ ವಯಸ್ಕರು ಸೆರೆಯಲ್ಲಿ ಕಳೆದ ದಿನಗಳು ಶೇ. 42ರಷ್ಟು ಇಳಿದವೆಂದು 2018ರ ಮೌಲ್ಯಮಾಪನ ತಿಳಿಸಿತು.

ಸೆರೆಯಲ್ಲಿರುವವರನ್ನು ಸಂದರ್ಶಿಸುವುದನ್ನು ನಾವು ಕರುಣಾಕಾರ್ಯವೆಂದು ಎಣಿಸುತ್ತೇವೆ. ಅವರು ಅಲ್ಲಿಗೆ ಹೇಗೆ ಬಂದರು, ಆ ದಾರಿಗೆ ನಾವು ಹಾಸಿದ ಕಲ್ಲೆಷ್ಟು ಎಂದು ಕೇಳಿಕೊಳ್ಳುವುದೂ ಅದೇ ಕಾರ್ಯದ ಭಾಗವೆಂದು ಈ ಹಳೆಯ ವರದಿ ನಮಗೆ ನೆನಪಿಸುತ್ತದೆ.