ಹೊಂಗೆ ಚಿಗುರುವ ಹೊತ್ತು

ಬೆಂಗಳೂರಿನ ವಸಂತ ಎಂದರೆ ಎಲ್ಲರ ಕಣ್ಣೂ ತಬೆಬುಯಾ ಮರದ ಗುಲಾಬಿ ಹೂವಿನ ಕಡೆ. ದಕ್ಷಿಣ ಅಮೆರಿಕದಿಂದ ಬಂದ ಆ ಮರ ಚೆಂದವೇ, ಅನುಮಾನವಿಲ್ಲ. ಆದರೂ ನನ್ನ ಮನಸ್ಸು ಹೊಂಗೆಯದು.

ಶಿವರಾತ್ರಿಯ ಆಸುಪಾಸಿನಲ್ಲಿ ಹೊಂಗೆ ಎಲೆ ಉದುರಿಸುತ್ತದೆ. ಬೋಳಾಗಿ ನಿಲ್ಲುವುದು ಸ್ವಲ್ಪವೇ ಕಾಲ. ಯುಗಾದಿ ಬರುವಷ್ಟರಲ್ಲಿ ಕೊಂಬೆಕೊಂಬೆಗೂ ಎಣ್ಣೆ ಸವರಿದಂಥ ಎಳೆಹಸಿರು! ಬಿಸಿಲು ಏರುವ ಕಾಲಕ್ಕೆ ಸರಿಯಾಗಿ ನೆರಳು ಸಿದ್ಧಪಡಿಸುವ ಈ ಮರದ ಲೆಕ್ಕಾಚಾರ ನನಗೆ ಪ್ರತಿವರ್ಷವೂ ಹೊಸ ಬೆರಗು. ಹಿಂದೆಯೇ ತಿಳಿನೇರಳೆ ಛಾಯೆಯ ಬಿಳಿ ಹೂಗೊಂಚಲು, ಅದರ ತುಂಬ ಜೇನ್ನೊಣಗಳ ಗುಂಯ್‌ಗುಡುವಿಕೆ. ಉದುರಿದ ಹೂವನ್ನು ಗುಡಿಸಬೇಡಿ, ಮಕ್ಕಳು ಅದರ ಮೇಲೆ ಬರಿಗಾಲಲ್ಲಿ ನಡೆಯಲಿ.

ಹಬ್ಬದ ಬೆಳಿಗ್ಗೆ ತೋರಣಕ್ಕೆ ಮಾವಿನೆಲೆ, ಬೆಲ್ಲದ ಜೊತೆಗೆ ಬೇವಿನ ಹೂ. ಅವನ್ನು ತರಲು ಮನೆಮಂದಿಯೆಲ್ಲ ಹೊರಡಬೇಕು. ಹೋಳಿಗೆ ಊಟವಾದ ಮೇಲೆ ಹೊಂಗೆಯಡಿ ಚಾಪೆ ಹಾಸಿದರೆ ಅಜ್ಜಿಯರ ಮಾತು ತಾನಾಗಿ ಹರಿಯುತ್ತದೆ: ಬೀಜದ ಎಣ್ಣೆಯಲ್ಲಿ ಉರಿದ ದೀಪ, ಹೊಲಕ್ಕೆ ಹಾಕಿದ ಹಿಂಡಿ, ಗದ್ದೆಯಲ್ಲಿ ತುಳಿದ ಸೊಪ್ಪು. ದ್ವಿದಳ ಜಾತಿಯ ಈ ಮರ ಬೇರಿನ ಗಂಟುಗಳಲ್ಲಿನ ಸೂಕ್ಷ್ಮಜೀವಿಗಳ ನೆರವಿನಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ.

ಈ ವಸಂತದ ಹೂವಿನ ಕಾಯಿ ಪೂರ್ತಿ ಬಲಿಯಲು ಹೆಚ್ಚುಕಡಿಮೆ ಮುಂದಿನ ವಸಂತವೇ ಬರಬೇಕು. ಆಗ ಮಕ್ಕಳ ಕೈಗೆ ಬೀಜ ಕೊಡಿ, ಮಳೆಗಾಲಕ್ಕೆ ಬೇಲಿಬದಿಯಲ್ಲಿ ಊರಲಿ.